ದೊಡ್ಡಮ್ಮ ಆರಿಸಿದ ಲಿವರ್

ನನ್ನ ಎಂ.ಎಸ್ಸಿ. ಪ್ರಾಜೆಕ್ಟಿಗೆ ಎರಡನೆಯ ಜೋಡಿ ಕಣ್ಣು ಬೇಕಿತ್ತು. ಲಿವರ್ ಜೀವಕೋಶಗಳ ನಲವತ್ತು ಫೋಟೊಗಳನ್ನು ಇಬ್ಬರು ಬೇರೆಬೇರೆಯಾಗಿ ನೋಡಿ, ಆರೋಗ್ಯವಾಗಿರುವುದು ಯಾವುದು, ಗಡ್ಡೆ ಯಾವುದು ಎಂದು ವಿಂಗಡಿಸಬೇಕೆಂಬುದು ಗೈಡ್ ಚಂದ್ರಶೇಖರ ಸರ್ ಅವರ ನಿಯಮ. "ಎರಡನೆಯವರಿಗೆ ಜೀವಶಾಸ್ತ್ರ ಬರದಿದ್ದರೂ ಸರಿ, ಕಣ್ಣು ಚುರುಕಿರಲಿ" ಎಂದಿದ್ದರು. ಒಪ್ಪಿದ್ದ ಗೆಳತಿ ನಯನ ಜ್ವರ ಬಂದು ಮಲಗಿದಳು. ಭಾನುವಾರ ಬೆಳಿಗ್ಗೆ ಸರ್ ಶೃಂಗೇರಿಗೆ ಹೋಗುವ ದಾರಿಯಲ್ಲಿ ಕೊಪ್ಪದ ಹೋಟೆಲಿನಲ್ಲಿ ತಿಂಡಿಗೆ ನಿಲ್ಲುವವರಿದ್ದರು. ಅಲ್ಲಿ ಎರಡೂ ಪಟ್ಟಿ ಕೊಡದಿದ್ದರೆ ಈ ವರ್ಷ ನನಗೆ ವೈವಾ ಇಲ್ಲ.

ನನ್ನ ಪಟ್ಟಿ ಸಿದ್ಧವಿತ್ತು. ನಿಜ ಹೇಳಿಬಿಡುತ್ತೇನೆ: ಉತ್ತರದ ಚೀಟಿ ಕೊಡುವಾಗ ಸರ್ "ಇದನ್ನು ಕೊನೆಗೆ ನೋಡು" ಎಂದಿದ್ದರು, ನಾನು ಮೊದಲೇ ನೋಡಿದ್ದೆ. ಉತ್ತರ ಕೈಯಲ್ಲಿರುವಾಗ ಕಣ್ಣು ಸವೆಸುವುದೇಕೆ?

ಶನಿವಾರ ಕಮ್ಮರಡಿಗೆ ಓಡಿದೆ. ಅಲ್ಲಿ ನನ್ನ ದೊಡ್ಡಮ್ಮ ಅನ್ನಮ್ಮ ಮೂವತ್ತು ವರ್ಷದಿಂದ ಅಡಿಕೆ ಆರಿಸುತ್ತಾಳೆ. ಅವಳ ಕಣ್ಣು ತಪ್ಪಿಸಿ ಒಂದು ಹುಳುಕು ಅಡಿಕೆಯೂ ಮೂಟೆ ಸೇರಿದ್ದಿಲ್ಲ.

"ಎಂತದೆ ಇದು? ಅಡಿಕೆ ಹೋಳಾ?"

"ಲಿವರ್, ದೊಡ್ಡಮ್ಮ."

"ಥೂ! ಯಾರ್ದು ಮಾರಾಯ್ತಿ?"

ವಿವರಿಸಿದೆ. ಆರೋಗ್ಯವಾಗಿರುವ ಲಿವರ್‌ನ ಜೀವಕೋಶಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಹಿಡಿಯುವ ಕೈ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನು. ಬಣ್ಣ ಹಾಕಿದರೆ ಅದು ಪ್ರತಿ ಜೀವಕೋಶದ ಸುತ್ತ ಕಂದು ಗೆರೆಯಾಗಿ ಕಾಣುತ್ತದೆ. ಅನೇಕ ಗಡ್ಡೆಗಳಲ್ಲಿ ಈ ಪ್ರೋಟೀನು ಕಡಿಮೆಯಾಗಿ ಗೆರೆ ಹರಿದಿರುತ್ತದೆ. ಹಿಡಿತ ತಪ್ಪಿದ ಜೀವಕೋಶ ಮೆಲ್ಲಗೆ ಜಾರಿ ಮೈಯಲ್ಲಿ ಬೇರೆಲ್ಲೋ ಹೋಗಿ ಬೇರೂರಬಹುದು.

"ಅಂದ್ರೆ ಒಬ್ರನ್ನೊಬ್ರು ಹಿಡ್ಕಂಡಿದ್ರೆ ಹಸ, ಬಿಟ್ರೆ ಗೊರಬಲು" ಎಂದಳು. ಅಡಿಕೆಯಲ್ಲಿ ಹಸ ಎಂದರೆ ಮೇಲಿನ ದರ್ಜೆ, ಗೊರಬಲು ಕೆಳಗಿನದು. ನನ್ನ ನೂರು ಪುಟದ ವರದಿ ಅಷ್ಟಕ್ಕೇ ಮುಗಿಯಿತು.

ಬಾಯಲ್ಲಿ ಎಲೆಯಡಿಕೆ ಜಗಿಯುತ್ತಾ, ತಡವಾಗಿ ಬರುವ ಬಸ್ಸನ್ನು ಬೈಯುತ್ತಾ, ಕಾಲು ಗಂಟೆಯಲ್ಲಿ ನಲವತ್ತನ್ನೂ ಎರಡು ರಾಶಿ ಮಾಡಿದಳು. ಅದನ್ನು ಅವಳ ಹೆಸರಿನ ಪಟ್ಟಿಯಾಗಿ ಬರೆದು, ನನ್ನ ಪಟ್ಟಿಗೆ ಹೋಲಿಸಿದೆ. ಹದಿನೇಳನೆಯದೊಂದು ತಾಳೆಯಾಗಲಿಲ್ಲ.

"ಇದು ಹಸ, ದೊಡ್ಡಮ್ಮ."

"ಗೊರಬಲು."

"ಫೋಟೊ ಸ್ವಲ್ಪ ಮಸುಕಾಗಿದೆ ಅಷ್ಟೆ."

"ಕುಣಿಯಕ್ಕೆ ಬರ್ದವ್ಳು ನೆಲ ಡೊಂಕು ಅಂದ್ಲಂತೆ. ಮಂಡಿ ಸಾವ್ಕಾರ್ರೇ ನಂಗೆ ಹಿಂಗೆ ಎದುರು ಹೇಳಿಲ್ಲ, ನೀನ್ಯಾವಳೆ?"

ನನಗೆ ಪಿತ್ತ ನೆತ್ತಿಗೇರಿತು. ಮನೆಗೆ ಹೋಗಿ ಅದೊಂದನ್ನು ತಿದ್ದಿಬಿಡೋಣ ಎಂದುಕೊಂಡೆ. ಅವಳಿಗೆ ವಾಸನೆ ಬಡಿಯಿತೋ ಏನೋ, ಹದಿನೇಳರ ಪಕ್ಕದಲ್ಲೇ ದಪ್ಪಗೆ ಸಹಿ ಹಾಕಿ, "ನಾಳೆ ನಾನೂ ಬರ್ತೀನಿ" ಎಂದಳು.

ಹೋಟೆಲಿನಲ್ಲಿ ಸರ್ ನಮಗೂ ಕಡುಬು ಹೇಳಿ, ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರು. ಅವರ ಬೆರಳು ಹದಿನೇಳರಲ್ಲಿ ನಿಂತಿತು.

"ಸರ್, ಅವಳಿಗೆ ವಯಸ್ಸಾಗಿದೆ..." ಎಂದು ಶುರು ಮಾಡಿದೆ.

ಸರ್ ನಕ್ಕರು. "ಹದಿನೇಳನೆಯದು ಗಡ್ಡೆಯ ಫೋಟೊ, ನಿಶ್ಚಿತಾ. ಚೀಟಿಯಲ್ಲಿ ನಾನೇ ಬೇಕಂತ ತಪ್ಪು ಬರೆದಿದ್ದೆ. ಫೋಟೊ ನೋಡದೆ ಚೀಟಿ ನೋಡಿದವರು ಯಾರು ಅಂತ ಗೊತ್ತಾಗಲಿ ಅಂತ."

ದೊಡ್ಡಮ್ಮ ನನ್ನ ಕಡೆ ತಿರುಗಿದಳು.

"ಚೀಟಿ ನೋಡಿ ಆರ್ಸಿದ್ಯೇನೆ?"

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಮೆಲ್ಲಗೆ ಕೇಳಿದಳು. ಅವಳ ಮುಂದೆ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

"ನೀವೇ ಹೇಳಿ ಅಮ್ಮ, ಏನು ಮಾಡೋಣ?" ಎಂದರು ಸರ್.

ದೊಡ್ಡಮ್ಮ ತಟ್ಟೆಗಳನ್ನು ಸರಿಸಿ, ಸೆರಗಿನಿಂದ ಮೇಜು ಒರೆಸಿ, ಫೋಟೊಗಳನ್ನು ಕಲಸಿ ನನ್ನ ಮುಂದೆ ಹರಡಿದಳು. ಉತ್ತರದ ಚೀಟಿಯನ್ನು ನನ್ನಿಂದ ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆರ್ಸು. ಒಂದು ತಪ್ಪಾದ್ರೂ ಇವ್ಳಿಗೆ ಮುಂದಿನ ವರ್ಷವೇ ಪರೀಕ್ಷೆ ಮಾಡಿ ಮೇಷ್ಟ್ರೆ. ಅಲ್ಲಿವರೆಗೂ ಅಡಿಕೆ ಆರ್ಸ್ಲಿ."

ಬೆವರಿದೆ. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹದಿನೇಳರ ಗೆರೆ ಐದು ಕಡೆ ಹರಿದಿತ್ತು, ಕುರುಡರಿಗೂ ಕಾಣುವಷ್ಟು. ನಲವತ್ತು ಮುಗಿಯುವಷ್ಟರಲ್ಲಿ ನನ್ನ ಕಡುಬನ್ನೂ ದೊಡ್ಡಮ್ಮನೇ ತಿಂದು ಮುಗಿಸಿದ್ದಳು.

ಸರ್ ಎರಡು ಸಲ ನೋಡಿದರು. "ಒಂದೂ ತಪ್ಪಿಲ್ಲ" ಎಂದರು.

ದೊಡ್ಡಮ್ಮ ಕೈ ಒರೆಸಿಕೊಂಡಳು. "ಕಣ್ಣು ಇದ್ಯಲ್ಲೆ ನಿಂಗೆ. ನೋಡಕ್ಕೆ ಎಂತ ಧಾಡಿ?"