ಇದೂ ಬರೆದಿದೆ

ಆಕೆಯ ತುಟಿಗಳು ನಿಶ್ಚಲವಾಗಿದ್ದುದನ್ನು ಆ ಆಸ್ಪತ್ರೆಯಲ್ಲಿ ಕಂಡವರಿರಲಿಲ್ಲ. ನೆಲ ಒರೆಸುವಾಗ, ಹಾಸಿಗೆಯ ಬಟ್ಟೆ ಬದಲಿಸುವಾಗ, ಬೆಡ್‌ಪ್ಯಾನು ಹಿಡಿದು ಆ ಉದ್ದನೆಯ ಕಾರಿಡಾರಿನಲ್ಲಿ ಬಲಗಾಲನ್ನು ಕೊಂಚ ಎಳೆದು ಎಡಗಾಲನ್ನು ನೆಲಕ್ಕೆ ಒದ್ದಂತೆ ಇಟ್ಟು ಸಾಗುವಾಗ, ಕಣ್ಣಿಗೆ ಕಾಣದ ಯಾರೊಡನೆಯೋ ಆಕೆಯ ವಾಗ್ವಾದ ನಡೆದೇ ಇರುತ್ತಿತ್ತು. ಮುದುಕರ ವಾರ್ಡಿನ ಆಯಾ; ಜನ ಇಟ್ಟ ಹೆಸರು ಗೊಣಗಮ್ಮ.

"ಗೊಣಗಮ್ಮಾ, ಬೆಳಬೆಳಗ್ಗೆ ಯಾರ ಗ್ರಹಚಾರ ಬಿಡಿಸ್ತಿದೀರಿ?" ಎಂದು ಕಿರಿಯ ನರ್ಸು ಕೆಣಕಿದರೆ, "ಸೈತಾನಂದು ಕಣಮ್ಮ. ಎದ್ದಾಗಿಂದ ಬೆನ್ನು ಬಿಟ್ಟಿಲ್ಲ, ಹಾಳಾದೋನು" ಎಂಬ ಉತ್ತರ ಸಿದ್ಧವಿರುತ್ತಿತ್ತು. ನರ್ಸು ನಗುತ್ತಿದ್ದಳು. ಗೊಣಗಮ್ಮ ನಗುತ್ತಿರಲಿಲ್ಲ.

ದೇವರ ವಾಕ್ಯವನ್ನು ಹೊಳೆಯುವ ಅಕ್ಷರಗಳಲ್ಲಿ ಬರೆಸಿ ಸೋಫಾದ ಮೇಲೆ ತೂಗುಹಾಕುವವರು ನಮ್ಮ ಕ್ರೈಸ್ತ ಸಭೆಗಳಲ್ಲಿ ಬೇಕಾದಷ್ಟಿದ್ದಾರೆ. ಕಾರಿನ ಹಿಂಗಾಜಿಗೆ ಅಂಟಿಸಿಕೊಂಡು, ಅದೇ ಕಾರಿನಿಂದ ಇಳಿದು ಅಡ್ಡ ಬಂದವನ ಕೊರಳಪಟ್ಟಿ ಹಿಡಿಯುವವರಿಗೂ ಕೊರತೆಯಿಲ್ಲ. ಇನ್ನು ಕೆಲವರಿಗೆ ಅದು ಸೊಸೆಯ ಮೇಲೆ, ನೆರೆಯವನ ಮೇಲೆ ಬೀಸಲು ಸಿಕ್ಕ ಬೆತ್ತ. ಗೊಣಗಮ್ಮನ ಮನೆಯ ಗೋಡೆ ಬೋಳಾಗಿತ್ತು. ಆಕೆಯ ವಾಕ್ಯಗಳೆಲ್ಲ ಬಾಯಲ್ಲಿದ್ದವು. ಜಗಿದು ಜಗಿದು ಪುಸ್ತಕದ ಗಾಂಭೀರ್ಯವನ್ನೆಲ್ಲ ಕಳೆದುಕೊಂಡು ಅಡುಗೆಮನೆಯ ಮಾತಾಗಿದ್ದವು. "ದೊಡ್ಡ ಭಾಷೇಲಿ ಹೇಳಿದ್ರೆ ನನ್ನ ಕೈಗೆ ಅರ್ಥ ಆಗಲ್ಲ. ತಪ್ಪು ಮಾಡೋಕೆ ಹೋಗೋದು ಕೈ ಅಲ್ವಾ? ಅದಕ್ಕೆ ಕೇಳಿಸ್ಬೇಕು" ಎನ್ನುತ್ತಿದ್ದಳು. ಎಂದೇ ತನ್ನ ಕೈಗಳಿಗೆ ಗಟ್ಟಿಯಾಗಿ ಉಪದೇಶ ಮಾಡುವುದು ಆಕೆಯ ಹಟದ ರೂಢಿ.

ಒಮ್ಮೆ ಮುಂಗೋಪಿ ಹೆಡ್‌ಮಾಸ್ಟರೊಬ್ಬರು ಮಲಗಿದಲ್ಲಿಂದಲೇ ಆಕೆಯ ಮೇಲೆ ತಟ್ಟೆ ಎಸೆದರು. ಸಾರು ನೀಲಿ ಕೋಟಿನ ಮೇಲೆ ಇಳಿಯುತ್ತಿರಲು ಆಕೆ ಹೊರಗೆ ಹೋಗಿ, ಒರೆಸುವ ಕೋಲನ್ನು ನೆಲಕ್ಕೆ ಕುಟ್ಟುತ್ತಾ, "ಮೆತ್ತಗಿನ ಮಾತು ಸಿಟ್ಟು ಇಳಿಸುತ್ತೆ ಅಂತ ಬರೆದಿದೆ. ಕೇಳಿಸ್ತಾ? ಬರೆದಿದೆ!" ಎಂದು ಮೆತ್ತಗಲ್ಲದ ದನಿಯಲ್ಲಿ ಗದರಿಕೊಂಡು ಒಳಬಂದಳು. "ಸಾರ್, ಇನ್ನೊಂದು ತಟ್ಟೆ ಇದೆ. ಎಸೀತೀರಾ, ಉಣ್ತೀರಾ?" ಎಂದಳು. ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ, ಉಂಡರು.

ಆಕೆಯ ಬಾಯಲ್ಲಿ ಸದಾ ಇದ್ದ ಇನ್ನೊಂದು ಮಾತು, "ಇದೂ ಬರೆದಿದೆ." ಅಡವಿಯಲ್ಲಿ ಹಸಿದಿದ್ದ ಯೇಸುವಿನ ಬಳಿಗೆ ಸೈತಾನನೂ ವಾಕ್ಯವನ್ನು ಹಿಡಿದೇ ಬಂದಿದ್ದನೆಂದೂ, ಯೇಸು ಅವನಿಗೆ ಇನ್ನೊಂದು ವಾಕ್ಯದಿಂದಲೇ ಉತ್ತರ ಕೊಟ್ಟನೆಂದೂ ಎಂದೋ ಕೇಳಿದ ಪ್ರಸಂಗ ಆಕೆಯ ಎದೆಯಲ್ಲಿ ಮೊಳೆಯಂತೆ ನಾಟಿತ್ತು. "ಅವನೂ ಓದಿದಾನೆ ಕಣೇ. ನಮ್ಮ ಪಾಸ್ಟರಿಗಿಂತ ಜಾಸ್ತಿ ಓದಿದಾನೆ. ಒಂದೇ ವಾಕ್ಯ ಇಟ್ಕೊಂಡು ಅವನ ಮುಂದೆ ನಿಂತ್ಕೋಬಾರದು" ಎಂದು ಮನೆಯಲ್ಲಿ ಜೊತೆಗಿದ್ದ ನಾದಿನಿಗೆ ಎಚ್ಚರಿಸುತ್ತಿದ್ದಳು.

ಆ ಎಚ್ಚರಿಕೆ ತನಗೇ ಬೇಕಾಗುವ ಕಾಲ ಬಂತು. ಪಾರ್ಶ್ವವಾಯು ಬಡಿದು ಬಲಭಾಗವೂ ಮಾತೂ ಬಿದ್ದುಹೋದ ಮುದುಕನೊಬ್ಬನನ್ನು ಕಿಟಕಿಯ ಪಕ್ಕದ ಹಾಸಿಗೆಗೆ ತಂದರು. ಗೊಣಗಮ್ಮ ಹೊದಿಕೆ ಸರಿಪಡಿಸಲು ಬಾಗಿದವಳು ಬಾಗಿದಂತೆಯೇ ನಿಂತಳು. ಆಕೆಯ ಗಂಡ ಹಮಾಲಿಯಾಗಿ ದುಡಿಯುತ್ತಿದ್ದ ಬಟ್ಟೆ ಗೋಡೌನಿನ ಮ್ಯಾನೇಜರ್ ಅವನು. ಸರಕು ಕಾಣೆಯಾದಾಗ ಗೇಟಿನ ಎದುರು, ಆಕೆಯೂ ಸೇರಿ ಎಲ್ಲರ ಕಣ್ಣೆದುರು, ಗಂಡನ ಅಂಗಿ ಬಿಚ್ಚಿಸಿ "ಕಳ್ಳ" ಎಂದು ಹೊರದೂಡಿದವನು. ಸರಕು ಆಮೇಲೆ ಬೇರೊಂದು ಲಾರಿಯಲ್ಲಿ ಸಿಕ್ಕಿತು. ಕ್ಷಮಿಸು ಎಂಬ ಮಾತು ಮಾತ್ರ ಎಲ್ಲಿಂದಲೂ ಬರಲಿಲ್ಲ. ಗಂಡ ಅಂದಿನಿಂದ ಸಾಯುವವರೆಗೂ ನೆಲ ನೋಡಿಯೇ ನಡೆದ.

ಈಗ ಆ ಮನುಷ್ಯನಿಗೆ ಆಕೆಯೇ ಉಣಿಸಬೇಕು. ಅಂಥ ರೋಗಿಗೆ ಉಣಿಸುವುದು ಸಾಮಾನ್ಯ ಸಂಗತಿಯಲ್ಲ: ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಗದ್ದ ಕೆಳಗೆ ಮಾಡಿಸಿ, ಚಿಕ್ಕ ಚಮಚದಲ್ಲಿ ಗಂಜಿ ಹಾಕಿ, ಗಂಟಲು ಅಲುಗಿ ತುತ್ತು ಇಳಿಯುವ ತನಕ ಕಾಯಬೇಕು. ಅವಸರಪಟ್ಟರೆ ಗಂಜಿ ಉಸಿರಿನ ದಾರಿ ಹಿಡಿಯುತ್ತದೆ.

ಸುದ್ದಿ ಕೇಳಿದ ನಾದಿನಿಯ ಕಣ್ಣು ಹೊಳೆಯಿತು. ಸತ್ತವನ ತಂಗಿ ಅವಳು. "ಅತ್ತಿಗೆ, ನೀವೇ ಉಣಿಸಿ! ಹಸಿದ ಶತ್ರುವಿಗೆ ಊಟ ಹಾಕಿದ್ರೆ ಅವನ ತಲೆ ಮೇಲೆ ಕೆಂಡ ಸುರಿದ ಹಾಗೆ ಅಂತ ಬರೆದಿಲ್ವಾ? ಸುರೀರಿ ಚೆನ್ನಾಗಿ!"

ಬರೆದಿತ್ತು, ನಿಜ. ಗೊಣಗಮ್ಮ ಕೆಂಡ ಸುರಿಯತೊಡಗಿದಳು. ಒಂದು ತುತ್ತೂ ತಪ್ಪಿಸಲಿಲ್ಲ, ಒಂದು ಒಳ್ಳೆಯ ಮಾತೂ ಆಡಲಿಲ್ಲ. ತನ್ನನ್ನು ಗುರುತಿಸಿದ ಮುದುಕ ನಾಚಿಕೆಯಿಂದ ಮುಖ ತಿರುಗಿಸಿದಾಗ ಗದ್ದ ಹಿಡಿದು ತನ್ನತ್ತ ತಿರುಗಿಸಿಕೊಂಡಳು, ನೋಡು ಎಂಬಂತೆ. ಸಂಜೆ ಮನೆಯಲ್ಲಿ, "ಇವತ್ತು ಅವನ ಕಣ್ಣಲ್ಲಿ ನೀರು ಬಂತು ಕಣೇ" ಎಂದು ನಾದಿನಿಗೆ ವರದಿ ಒಪ್ಪಿಸಿದಳು. ಇಬ್ಬರಿಗೂ ಅಂದು ಊಟ ರುಚಿಸಿತು. ವಿಚಿತ್ರವೆಂದರೆ, ಆ ದಿನಗಳಲ್ಲಿ ವಾರ್ಡಿನಲ್ಲಿ ಗೊಣಗಾಟವೇ ಕೇಳಿಸುತ್ತಿರಲಿಲ್ಲ. ಎದುರಾಳಿ ಸೈತಾನನೇ ತನ್ನ ಪಕ್ಕಕ್ಕೆ ಬಂದು ಕೂತಿರುವಾಗ ಜಗಳ ಯಾರೊಡನೆ?

ಒಂದು ಮಧ್ಯಾಹ್ನ ತುತ್ತು ಇನ್ನೂ ಮುದುಕನ ಬಾಯಲ್ಲೇ ಇತ್ತು, ಗಂಟಲು ಅಲುಗಿರಲಿಲ್ಲ, ಆಕೆಯ ಕೈ ಮುಂದಿನ ಚಮಚವನ್ನು ಅವನ ತುಟಿಗೆ ಮುಟ್ಟಿಸಿತ್ತು. ಇಳಿದಿಲ್ಲವೆಂದು ಆಕೆಗೆ ಗೊತ್ತಿತ್ತು. ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು. ಅವನು ಬೇಡವೆನ್ನಲಿಲ್ಲ, ಬೇಡವೆನ್ನುವ ಹಕ್ಕಿಲ್ಲದವನಂತೆ ಆಕೆಯನ್ನೇ ನೋಡುತ್ತಾ ಬಾಯಿ ತೆರೆದ. ಆಕೆಯ ಒಳಗಿನಿಂದ ಯಾರೋ ಬಹು ಸೌಮ್ಯವಾಗಿ ವಾಕ್ಯ ಹೇಳಿದರು: ಮುಯ್ಯಿ ತೀರಿಸುವುದು ದೇವರ ಕೆಲಸ, ಅವನು ತೀರಿಸುತ್ತಿದ್ದಾನೆ, ನೀನೇಕೆ ಅಡ್ಡ ಬರುತ್ತೀ?

ಗೊಣಗಮ್ಮ ಚಮಚವನ್ನು ಹಿಂದಕ್ಕೆ ಸೆಳೆದುಕೊಂಡು ಬಟ್ಟಲಿಗೆ ಹಾಕಿದಳು. ಕಾರಿಡಾರಿನ ಕೊನೆಯ ಕೈತೊಳೆಯುವ ತೊಟ್ಟಿಯವರೆಗೆ ಓಡಿದಳು. ನಲ್ಲಿ ಬಿಟ್ಟು, ಎರಡೂ ಕೈಗಳನ್ನು ನೀರಿಗೆ ಹಿಡಿದು, ಇಡೀ ಮಹಡಿಗೆ ಕೇಳುವಂತೆ ಅಬ್ಬರಿಸಿದಳು: "ಲೋ! ನನಗೇ ವಾಕ್ಯ ಹೇಳ್ತೀಯಾ? ಶತ್ರು ಬಿದ್ದಾಗ ಹಿಗ್ಗಬೇಡ, ಇದೂ ಬರೆದಿದೆ! ಹೊಡೆದೋರಿಗೋಸ್ಕರ ಪ್ರಾರ್ಥನೆ ಮಾಡು, ಇದೂ ಬರೆದಿದೆ! ಶಿಲುಬೆ ಮೇಲೆ ಅವರನ್ನ ಕ್ಷಮಿಸು ಅಂದನಲ್ಲ ನನ್ನ ಸ್ವಾಮಿ, ಮೊಳೆ ಹೊಡೆದೋರು ಇನ್ನೂ ಕೆಳಗೇ ನಿಂತಿದ್ರಲ್ಲೋ, ಇದೂ ಬರೆದಿದೆ! ಹೋಗು! ಈ ಕೈ ನಿಂದಲ್ಲ!"

ನರ್ಸು ಓಡಿಬಂದಳು. "ಏನಾಯ್ತು ಗೊಣಗಮ್ಮಾ? ಯಾರು ಬಂದಿದ್ರು?"

"ಬಂದಿದ್ದ. ಹೋದ." ಆಕೆ ಕೋಟಿನ ಅಂಚಿಗೆ ಕೈ ಒರೆಸಿಕೊಂಡಳು. ಮುಖದಲ್ಲಿ ಅಂಥ ಬೆಳಕಿತ್ತೆಂದು ನರ್ಸು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಮರಳಿ ಬಂದು ಹಾಸಿಗೆಯ ಪಕ್ಕ ಕುಳಿತಾಗ ಆಕೆಯ ದನಿ ಬೇರೆಯಾಗಿತ್ತು. "ಮೊದಲು ಬಾಯಲ್ಲಿರೋದು ನುಂಗಿ. ನಾನು ಕಾಯ್ತೀನಿ." ಕಾದಳು. ಗಂಟಲು ಅಲುಗಿತು. "ಈಗ ಕೇಳಿ. ನನ್ನ ಯಜಮಾನರು ಕಳ್ಳರಲ್ಲ. ನೀವು ಮಾಡಿದ್ದು ಅನ್ಯಾಯ. ಅದನ್ನ ಹೇಳದೆ ಕ್ಷಮಿಸಿದ್ರೆ ನಾನು ಸುಳ್ಳಿ ಆಗ್ತೀನಿ. ಹೇಳಿದೀನಿ. ಕ್ಷಮಿಸಿದೀನಿ. ಬಾಯಿ ತೆಗೀರಿ."

ಮುದುಕ ಬಾಯಿ ತೆರೆದದ್ದು ಗಂಜಿಗಲ್ಲ. ಸೊಟ್ಟ ತುಟಿಯ ಮೂಲೆಯಿಂದ, ವಾರ್ಡಿಗೆ ಬಂದ ಮೇಲೆ ಮೊದಲ ಬಾರಿಗೆ, ಒಂದು ಮಾತು ತೆವಳಿಕೊಂಡು ಹೊರಬಂತು: "ಕಳ್ಳ... ಅಲ್ಲ."

ಅಕ್ಕಪಕ್ಕದ ಹಾಸಿಗೆಯವರೆಲ್ಲ ಕೇಳಿಸಿಕೊಂಡರು. ಗೊಣಗಮ್ಮ ಬಟ್ಟಲಿನ ತಳ ಕಾಣುವವರೆಗೂ ಉಣಿಸಿ, ಬಾಯಿ ಒರೆಸಿ, ದಿಂಬು ಸರಿಮಾಡಿದಳು. ಸಂಜೆ ನಾದಿನಿ, "ಇವತ್ತೆಷ್ಟು ಕೆಂಡ ಅತ್ತಿಗೆ?" ಎಂದಾಗ, "ಎಲ್ಲಾ ನನ್ನ ತಲೆ ಮೇಲೇ ಬಿತ್ತು ಕಣೇ. ಸುಡಬೇಕಾದ್ದು ಸುಟ್ಟುಹೋಯ್ತು. ನಾಳೆ ನೀನೂ ಬಾ, ಒಂದು ತುತ್ತು ಉಣಿಸು" ಎಂದು ಮನಸಾರೆ ನಕ್ಕಳು. ನಾದಿನಿ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಳು.

ಮುದುಕನ ಒಂದು ಮಾತನ್ನೇ ಜಯವೆಂದು ಕೊಂಡಾಡುವವರಿದ್ದಾರೆ. ಅವನು ಬಾಯಿ ಬಿಡದೆಯೇ ಹೋಗಿದ್ದರೂ ಜಯಕ್ಕೆ ಊನವಿರಲಿಲ್ಲ. ಅದು ನಲ್ಲಿಯ ಕೆಳಗೇ ಪೂರ್ಣವಾಗಿತ್ತು. ವೇದಿಕೆಯ ಮೇಲೆ ಮೈಕು ಹಿಡಿದು ಅಂಧಕಾರದ ಸೈನ್ಯಗಳನ್ನು ಅಟ್ಟಾಡಿಸುವ ವೀರರು ಇಂಥ ಹೆಂಗಸರ ಮುಂದೆ ಕೊಂಚ ದನಿ ತಗ್ಗಿಸುವುದು ಒಳ್ಳೆಯದು. ಇವರು ವಾಕ್ಯವನ್ನು ಮೊದಲು ಎತ್ತುವುದು ತಮ್ಮ ಮೇಲೆಯೇ, ಅದೂ ತಮ್ಮ ಸಿಟ್ಟಿಗೆ ಸಕಲ ನ್ಯಾಯವೂ ಇರುವ ಗಳಿಗೆಯಲ್ಲಿ. ಇವರು ಗೆದ್ದ ದಿನ ಎಲ್ಲೂ ಜಯಘೋಷ ಕೇಳಿಸುವುದಿಲ್ಲ. ಯಾರೋ ಒಬ್ಬ ನಿರ್ಭಯವಾಗಿ ಊಟ ಮಾಡುತ್ತಾನೆ, ಅಷ್ಟೆ.