ಕೆಂಪಾಗದ ಅರಿಶಿನ

ಗಂಗರತ್ನಮ್ಮನಿಗೆ ಗುರುವಾರ ಬರುವುದೇ ಬೇಡವಾಗಿತ್ತು. ಅಂದು ಗಂಡ ಹನುಮಂತಯ್ಯನ ಬಲದವಡೆಯ ಮೂಳೆ ಕತ್ತರಿಸಿ ತೆಗೆಯುವುದೆಂದು ಆಸ್ಪತ್ರೆಯಲ್ಲಿ ನಿಶ್ಚಯವಾಗಿತ್ತು. ಎಪ್ಪತ್ತೆಂಟನೇ ಇಸವಿಯ ಯುಗಾದಿ ಹೊತ್ತಿಗೆ ಹಲ್ಲು ಕೀಳಿಸಿದ್ದ ಜಾಗದಲ್ಲಿ ಗಂಟೊಂದು ಎದ್ದು, ನಾಲ್ಕು ತಿಂಗಳಲ್ಲಿ ಕಲ್ಲಾಗಿ, ಒಡೆದು ಸೋರತೊಡಗಿತ್ತು. ತುಣುಕು ತೆಗೆದು ಪರೀಕ್ಷಿಸಿದರೂ ಏನೂ ಸ್ಪಷ್ಟವಾಗಲಿಲ್ಲ. ಆದರೂ ದೊಡ್ಡ ಡಾಕ್ಟರು ಗಂಟನ್ನು ಒತ್ತಿ ನೋಡಿ, "ಕ್ಯಾನ್ಸರೇ, ಕಾಯೋದು ಬೇಡ" ಎಂದುಬಿಟ್ಟರು. ಹದಿನೆಂಟು ವರ್ಷ ಬಸ್ಸಿನಲ್ಲಿ "ರೈಟ್, ರೈಟ್" ಎಂದು ಕೂಗಿದ ಕಂಡಕ್ಟರಿಗೆ ಈಗ ಗಂಜಿ ಕುಡಿಯುವಷ್ಟೂ ಬಾಯಿ ತೆರೆಯುತ್ತಿರಲಿಲ್ಲ.

ಆ ಡಾಕ್ಟರಿಗೆ ಸಿಟ್ಟು ಮೂಗಿನ ತುದಿಯಲ್ಲೇ, ವಿದ್ಯೆ ಅದಕ್ಕಿಂತ ಸ್ವಲ್ಪ ಹಿಂದೆ. ಮೊದಲ ಸಲ ಅವಳು ಗಾಯಕ್ಕೆ ಅರಿಶಿನ ಹಚ್ಚಿ ಕರೆತಂದಾಗ ಹಿಗ್ಗಾಮುಗ್ಗಾ ಬೈದಿದ್ದರು. ಆಮೇಲೆ ಅವಳು ಅರಿಶಿನ ಸೋಕಿಸಿರಲಿಲ್ಲ. ಆದರೆ ಸೋಮವಾರ ಕೀವಿನಲ್ಲಿ ಹಳದಿ ಪುಡಿಯಂಥದ್ದು ಕಂಡು, "ಮತ್ತೆ ಅರಿಶಿನಾನಾ? ಹೇಳಿದ್ದು ಅರ್ಥ ಆಗಲ್ವಾ ನಿಮಗೆ?" ಎಂದು ಗದರಿದರು. ಅವಳು ಹಳೆಯದೇ ಉಳಿದಿರಬಹುದು ಅಂದುಕೊಂಡು ತಲೆ ತಗ್ಗಿಸಿದಳು.

ಬುಧವಾರ ಬೆಳಿಗ್ಗೆ ಗವಿಪುರದ ಮನೆಯ ಬಚ್ಚಲಲ್ಲಿ ಗಾಯದ ಬಟ್ಟೆ ಒಗೆಯಲು ಕುಳಿತಳು. ರವೆಯಂಥ ಹಳದಿ ಕಾಳುಗಳು ಅಂಟಿದ್ದವು. ಸೋಪು ಉಜ್ಜಿದಳು. ಅರಿಶಿನವಾಗಿದ್ದರೆ ಸೋಪು ತಾಗಿದ ಕೂಡಲೇ ಕೆಂಪಗಾಗಬೇಕು. ಬಟ್ಟೆ ಒಗೆಯುವ ಯಾವ ಹೆಂಗಸಿಗೆ ಅದು ಗೊತ್ತಿಲ್ಲ? ಇವು ಹಳದಿಯಾಗಿಯೇ ಉಳಿದವು. ಹಾಗಾದರೆ ಇದು ಒಳಗಿನಿಂದಲೇ ಬರುತ್ತಿದೆ!

ಗಂಡನ ಗಾಯಕ್ಕೆ ಆಗ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚಿ, ಡಬ್ಬಿಯಲ್ಲಿಟ್ಟು, ಆಸ್ಪತ್ರೆಗೆ ಓಡಿದಳು. ಡಾಕ್ಟರ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಬೈದರೆ ಬೈಯಲಿ, ನಾಳೆ ದವಡೆ ಹೋದರೆ ಮತ್ತೆ ಬರುವುದಿಲ್ಲ ಎಂದು ಒಳಗೆ ನುಗ್ಗಿದಳು.

"ಇದು ಅರಿಶಿನ ಅಲ್ಲ ಸಾರ್. ಸೋಪು ಹಾಕ್ದೆ, ಕೆಂಪಾಗ್ಲಿಲ್ಲ. ನಾನು ಹಚ್ಚೇ ಇಲ್ಲ."

ಡಾಕ್ಟರು ಬೈಯಲು ಬಾಯಿ ತೆರೆದವರು ಡಬ್ಬಿಯೊಳಗೆ ನೋಡಿದರು. ಒಂದು ಕಾಳನ್ನು ಗಾಜಿನ ಮೇಲೆ ಅರೆದು, ಅದನ್ನು ಹಿಡಿದು ಲ್ಯಾಬಿಗೆ ಹೋದರು. ಅವಳು ಒಂದು ಗಂಟೆ ಬೆಂಚಿನ ಮೇಲೆ ಕಂಡ ಕಂಡ ದೇವರನ್ನೆಲ್ಲ ಕರೆದಳು.

"ಕ್ಯಾನ್ಸರ್ ಅಲ್ಲಮ್ಮ," ಎಂದರು ಡಾಕ್ಟರು ಮರಳಿ ಬಂದು. "ಅಪರೂಪದ ಬ್ಯಾಕ್ಟೀರಿಯಾ. ಗಂಟು ಕಟ್ಟಿ ಹೀಗೇ ಮೋಸ ಮಾಡುತ್ತೆ. ಈ ಹಳದಿ ಕಾಳೇ ಅದರ ಗುರುತು. ಆಪರೇಷನ್ ಬೇಡ. ಪೆನಿಸಿಲಿನ್ ಕೊಡ್ತೀವಿ, ತಿಂಗಳುಗಟ್ಟಲೆ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಳಗಳನೆ ಅತ್ತಳು.

"ಸೋಮವಾರಾನೇ ಹೇಳ್ಬಾರ್ದಿತ್ತಾ, ಹಚ್ಚಿಲ್ಲ ಅಂತ?"

"ಹೆಂಗೆ ಹೇಳ್ಲಿ ಸಾರ್? ನೀವು ಕೇಳ್ಲಿಲ್ಲ, ಬೈದ್ರಿ."