ಎರಡನೇ ಓಬಕ್ಕ

ಅಣ್ಣನ ಬೆರಳಿಗೆ ಅಂಟಿದ್ದ ಶಾಯಿಯನ್ನು ಓಬಕ್ಕ ಸೀಗೆಪುಡಿ ಹಾಕಿ ಉಜ್ಜುತ್ತಿದ್ದಾಗ ಒಳಗೆ ಟ್ರಂಕಿನ ಮುಚ್ಚಳ ಕಿರುಗುಟ್ಟಿತು. ಹೆಣದ ಮೈಮೇಲೆ ಇನ್ನೂ ಎರಡು ಕೊಡ ನೀರು ಬಿದ್ದಿರಲಿಲ್ಲ.

"ಯಾರದು ಒಳಗೆ?" ಎಂದಳು.

"ನಾನೇ ಅತ್ತೆ," ಎಂದ ಪಾಲಾಕ್ಷ, ತೀರಿಕೊಂಡ ತಮ್ಮನ ಮಗ. "ದೊಡ್ಡಪ್ಪುಂದು ಒಂದು ಒಳ್ಳೆ ಫೋಟೊ ಹುಡುಕ್ತಿದೀನಿ. ಬ್ಯಾನರ್ ಮಾಡಿಸ್ಬೇಕಲ್ಲ."

ಫೋಟೊ ನಡುಮನೆಯ ಗೋಡೆಯ ಮೇಲೇ ಇತ್ತು, ಕಣ್ಣಿದ್ದವರಿಗೆ ಕಾಣುವಷ್ಟು ದೊಡ್ಡದಾಗಿಯೇ ಇತ್ತು. ಓಬಕ್ಕ ಎದ್ದು ಹೋಗಿ ನೋಡಬೇಕೆಂದುಕೊಂಡಳು. ಆದರೆ ಒಡಹುಟ್ಟಿದವನನ್ನು ಅರೆತೊಳೆದು ಬಿಟ್ಟುಹೋಗುವುದುಂಟೆ?

ಬಾಗಿಲಿಗೆ ನಾಲ್ಕು ಜನ ಬಂದದ್ದೇ ತಡ, ಪಾಲಾಕ್ಷ ಹೊರಬಂದು ಗೋಳೋ ಎಂದು ಅಳತೊಡಗಿದ. ಎದುರಿಗೆ ಒಬ್ಬ ಮೊಬೈಲು ಹಿಡಿದಿದ್ದ. ಪಾಲಾಕ್ಷ ಆ ಕಡೆಗೊಮ್ಮೆ ನೋಡಿ, ಗುಟ್ಕಾ ಉಗುಳಿ ಬಂದ ಬಾಯಲ್ಲೇ ಹೆಣದ ಹಣೆಗೆ ಮುತ್ತಿಟ್ಟ. ಅವನು ಆಚೆ ಸರಿದ ಮೇಲೆ ಓಬಕ್ಕ ಸೆರಗು ನೀರಲ್ಲಿ ಅದ್ದಿ ಅಣ್ಣನ ಹಣೆಯನ್ನು ಮತ್ತೆ ಒರೆಸಿದಳು.

*

ಅಣ್ಣ ಚಿಕ್ಕೀರಪ್ಪ ಮೊಳಕಾಲ್ಮೂರಿನಲ್ಲಿ, ತಾಲ್ಲೂಕು ಕಚೇರಿಯೆದುರಿನ ಬೇವಿನ ಮರದ ಕೆಳಗೆ ನಲವತ್ತು ವರ್ಷ ಕಂಡವರ ಅರ್ಜಿ ಬರೆದವನು. ಮದುವೆ ಗೊಡವೆಗೆ ಹೋಗಲಿಲ್ಲ. ಗಂಡ ಸತ್ತು ತವರಿಗೆ ಬಂದ ತಂಗಿ ಬೇಯಿಸಿ ಹಾಕುತ್ತಿದ್ದಳು, ಇವನು ಸಂಜೆಯ ಬಸ್ಸಿಗೆ ದೇವಸಮುದ್ರಕ್ಕೆ ಬಂದು ಉಣ್ಣುತ್ತಿದ್ದ. ಉಂಡವನೇ ಟ್ರಂಕಿನ ಮುಂದೆ ಕೂರುತ್ತಿದ್ದ.

ಟ್ರಂಕಿನ ತುಂಬ ಮನೆತನದ ಕಾಗದಗಳು. ಅವನ್ನು ಹೊಂದಿಸುವುದೆಂದರೆ ಹುಡುಗಾಟವಲ್ಲ. ಓಬಳೇಶ್ವರನಿಗೆ ನಡೆದುಕೊಳ್ಳುವ ಮನೆ, ತಲೆಮಾರಿಗೆ ಮೂವರು ಓಬಣ್ಣಂದಿರು. ಯಾವ ಓಬಣ್ಣ ಯಾರಿಗೆ ಹುಟ್ಟಿದ, ಯಾರು ಯಾವಾಗ ಸತ್ತ ಎಂದು ಲೆಕ್ಕ ಹಾಕುವಾಗ ದೇವರಿಗೇ ತಲೆ ತಿರುಗಬೇಕು. ಚಿಕ್ಕೀರಪ್ಪ ನೇಕಾರರ ಮನೆಯಿಂದ ತುಂಡು ರೇಷ್ಮೆ ಎಳೆ ತರುತ್ತಿದ್ದ. ಸತ್ತವರ ಕಾಗದಕ್ಕೆ ಬಿಳಿ ಎಳೆ, ಬದುಕಿರುವವರದಕ್ಕೆ ಕೆಂಪು. ಬಿಳಿ ಕಟ್ಟುಗಳೇ ಹೆಚ್ಚಾಗಿ, ಕೊನೆಗೆ ಕೆಂಪು ನಾಲ್ಕೋ ಐದೋ ಉಳಿದವು.

ಹೋದ ವರ್ಷ ಪಾಲಾಕ್ಷ ವಂಶವೃಕ್ಷ ಮಾಡಿಸಿ ತಂದ. ಅದರಲ್ಲಿ ಓಬಕ್ಕನ ಹೆಸರಿನ ಮುಂದೆ 'ಮೃತ' ಎಂದಿತ್ತು.

"ಕೈತಪ್ಪು ಅತ್ತೆ. ಸರಿ ಮಾಡಿಸ್ತೀನಿ ಬಿಡು," ಎಂದಿದ್ದ.

ಕೈತಪ್ಪಲ್ಲ ಎಂಬುದು ಆಮೇಲೆ ತಿಳಿಯಿತು. ಓಬಕ್ಕ ಹುಟ್ಟುವ ಮೊದಲು ಅವ್ವನಿಗೆ ಇನ್ನೊಂದು ಹೆಣ್ಣು ಕೂಸಿತ್ತು. ಅದೂ ಓಬಕ್ಕನೇ. ಮೂರು ವರ್ಷಕ್ಕೆ ದಡಾರ ಬಂದು ಹೋಯಿತು. ದೇವರ ಹೆಸರು ಮನೆಯಲ್ಲಿ ನಿಲ್ಲಬೇಕೆಂದು ಅವ್ವ ಮುಂದಿನ ಮಗಳಿಗೂ ಅದನ್ನೇ ಇಟ್ಟಳು. ಪಾಲಾಕ್ಷ ಆ ಕೂಸಿನ ಮರಣದ ದಾಖಲೆಯನ್ನು ಹುಡುಕಿ ತೆಗೆಸಿ ವಂಶವೃಕ್ಷದ ಅರ್ಜಿಗೆ ಲಗತ್ತಿಸಿದ್ದ. ಓಬಕ್ಕನ ಆಧಾರ್ ಕಾರ್ಡಿನಲ್ಲಿದ್ದುದು ಗಂಡನ ಹೆಸರು, ಈ ಮನೆಯ ಮಗಳು ಅನ್ನುವುದಕ್ಕೆ ಅದು ಸಾಕ್ಷಿಯಾಗಲಿಲ್ಲ. ಅಣ್ಣ ಕಣ್ಣು ಮುಚ್ಚಿದರೆ ಮನೆ, ರಾಂಪುರ ರಸ್ತೆಯ ಹೊಲ ಎಲ್ಲ ಪಾಲಾಕ್ಷನದೇ. ಸತ್ತವಳಿಗೆ ಸೂರು ಯಾಕೆ?

ಚಿಕ್ಕೀರಪ್ಪ ಊರೂರು ಅಲೆದು, ಕೊನೆಗೆ ಹಳೆ ಶಾಲೆಯ ದಾಖಲಾತಿ ಪುಸ್ತಕದಿಂದ ಮೊಹರು ಹಾಕಿಸಿದ ಪ್ರತಿ ತಂದ. ಇದ್ದದ್ದು ಅದೊಂದೇ ಸಾಕ್ಷಿ.

"ನೋಡಿಲ್ಲಿ, ಅಪ್ಪನ ಹೆಸರೂ ಐತೆ," ಎಂದು ಬೆರಳಿಟ್ಟು ತೋರಿಸಿದ. "ಸತ್ತು ಎರಡು ವರ್ಷಕ್ಕೆ ಹುಟ್ಟಿ, ಆಮೇಲೆ ಸ್ಕೂಲಿಗೂ ಸೇರೀಯ. ಭಾರಿ ಗಟ್ಟಿ ಜೀವ ಕಣೇ ಓಬಿ ನಿಂದು."

ಆ ಪ್ರತಿಯನ್ನು ಓಬಕ್ಕನ ಕಾಗದಗಳ ಮೇಲಿಟ್ಟು ಕೆಂಪು ಎಳೆ ಸುತ್ತಿದ. ಗುರುವಾರ ಕಚೇರಿಯಲ್ಲಿ ವಂಶವೃಕ್ಷದ ವಿಚಾರಣೆಯಿತ್ತು. ಚಿಕ್ಕೀರಪ್ಪ ಸೋಮವಾರವೇ ಹೋಗಿಬಿಟ್ಟ.

*

ಮಣ್ಣು ಮಾಡಲು ಹೊಲಕ್ಕೇ ಒಯ್ದರು. ಹೆಂಗಸರು ಬದುವಿನ ಮೇಲೆ ನಿಂತರು. ಕುಣಿ ತೋಡಿದ್ದ ಕಾಟಪ್ಪ ಸನಿಕೆಗೆ ಒರಗಿ ಬೆವರೊರೆಸಿಕೊಳ್ಳುತ್ತಿದ್ದ. ಹೆಣ ಇಳಿಸಿದ್ದಾಯಿತು, ಎಲೆ ಅಡಿಕೆ ಇಟ್ಟದ್ದಾಯಿತು.

"ದೊಡ್ಡಪ್ಪಂಗೆ ಕಾಗದ ಅಂದ್ರೆ ಪ್ರಾಣ," ಎಂದು ಪಾಲಾಕ್ಷ ಎಲ್ಲರಿಗೂ ಕೇಳುವಂತೆ ಹೇಳಿ, ಟವೆಲಿನೊಳಗಿಂದ ಒಂದು ಕಟ್ಟು ತೆಗೆದು ಹೆಣದ ಮಗ್ಗುಲಿಗೆ ಹಾಕಿದ. "ಅವ್ರ ಜೊತೇನೇ ಹೋಗ್ಲಿ."

"ಮಗ ಅಂದ್ರೆ ಇವ್ನಪ್ಪ," ಎಂದು ಸೋದರಮಾವನ ಕಡೆಯ ನೆಂಟ ಓಬಳೇಶ್ ಕಣ್ಣೊರೆಸಿಕೊಂಡ. ಸುತ್ತಲಿದ್ದವರು ತಲೆದೂಗಿದರು.

ಕೆಂಪು ಎಳೆ, ಮೇಲಿನ ಕಾಗದದ ಮೊಹರು ಎರಡೂ ಬದುವಿನ ಮೇಲಿನಿಂದಲೇ ಓಬಕ್ಕನಿಗೆ ಕಂಡವು. ಅಷ್ಟು ಕಟ್ಟುಗಳಿದ್ದ ಟ್ರಂಕಿನಲ್ಲಿ ದೊಡ್ಡಪ್ಪನ ಪ್ರೀತಿಗೆ ಇವನಿಗೆ ಸಿಕ್ಕಿದ್ದು ಅದೊಂದೇ. ಬರಿಗಾಲಲ್ಲಿ ಹೇಸಿಗೆ ತುಳಿದ ಹಾಗೆ ಅವಳ ಮೈಯೆಲ್ಲ ಮುದುಡಿತು. ಕದ್ದು ಸುಟ್ಟಿದ್ದರೆ ಕಳ್ಳ ಅನ್ನಬಹುದಿತ್ತು. ಇವನು ಹತ್ತು ಜನರ ಎದುರಿಗೆ, ಕೈಮುಗಿದು, ಸತ್ತವನ ಕೈಯಲ್ಲೇ ಕಳ್ಳತನ ಮಾಡಿಸುತ್ತಿದ್ದಾನೆ.

ಪಾಲಾಕ್ಷ ಮೊದಲ ಹಿಡಿ ಮಣ್ಣೆತ್ತಿದ. ಓಬಕ್ಕ ಬದುವಿನಿಂದಿಳಿದು ಜನರ ನಡುವೆ ನುಗ್ಗಿ ಬಂದು, ಸೀರೆ ಎತ್ತಿ ಕಟ್ಟಿ, ಕುಣಿಯ ಅಂಚಿಗೆ ಕೂತಳು.

"ಹೆಂಗಸ್ರು ಕುಣಿಗೆ ಇಳಿಬಾರ್ದು ಅತ್ತೆ," ಎಂದ ಪಾಲಾಕ್ಷ. ದನಿ ತೆಳ್ಳಗಾಗಿತ್ತು. "ಜನ ಏನಂತಾರೆ?"

"ನಾನು ಸತ್ತೀನಿ ಅಂತ ನೀನೇ ಬರೆಸೀಯಲ್ಲಪ್ಪ. ಸತ್ತೋರು ಇನ್ನೆಲ್ಲಿಗೆ ಇಳೀಬೇಕು?"

ಅವಳು ಜಾರಿ ಕೆಳಗಿಳಿದಳು. ಅಣ್ಣನ ಮೈ ತುಳಿಯದ ಹಾಗೆ ಮೂಲೆಯಲ್ಲಿ ಕಾಲೂರಿ, ಬಗ್ಗಿ ಕಟ್ಟನ್ನು ಎತ್ತಿಕೊಂಡಳು. ಅವನ ಎದೆಯ ಮೇಲಿನ ಹೂವು ಸರಿದಿತ್ತು, ಅದನ್ನು ನೆಟ್ಟಗೆ ಮಾಡಿದಳು.

ಹತ್ತಿ ಬರುವುದು ಕಷ್ಟವಾಯಿತು. ಕುಣಿ ಅವಳ ಎದೆಮಟ್ಟಕ್ಕಿತ್ತು, ಅಂಚಿನ ಮಣ್ಣು ಹಿಡಿದಲ್ಲೇ ಉದುರುತ್ತಿತ್ತು. ಪಾಲಾಕ್ಷ ಹಿಡಿಮಣ್ಣು ಹಿಡಿದುಕೊಂಡೇ ನಿಂತಿದ್ದ. ಓಬಳೇಶ್ ದೂರದ ಜಾಲಿ ಗಿಡ ನೋಡುತ್ತಿದ್ದ. ಕಾಟಪ್ಪ ಸನಿಕೆ ಬಿಸಾಕಿ ಮೊಣಕಾಲೂರಿ ಎರಡೂ ಕೈ ಚಾಚಿದ.

ಓಬಕ್ಕ ಮೊದಲು ಕಟ್ಟನ್ನು ಕೊಟ್ಟಳು. ಅವನು ಅದನ್ನು ಅಂಗಿಯೊಳಗೆ ಇಳಿಸಿಕೊಂಡದ್ದನ್ನು ನೋಡಿದ ಮೇಲೆ ಕೈ ಕೊಟ್ಟಳು.